ಬಚ್ಚಲಿಗೆ ಯಾವ ಬಣ್ಣ? ಮೊದಲು ನಿಮ್ಮ ಬಾವಿ ನೀರನ್ನು ಕೇಳಿ

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮ್ಮ ಮನೆ. ಕಟ್ಟಿ 22 ವರ್ಷ ಆಯಿತು. ಒಳಗಿನ ಬಾತ್‌ರೂಮ್ 5×8 ಅಡಿ, ಹಳೇ ಟೈಲ್ಸ್ ಎಲ್ಲ ಒಡೆದು ಹೊಸತು ಮಾಡುವ ಅಂತ ಇದ್ದೇವೆ. ಮಗನಿಗೆ ಹೋಟೆಲಿನಲ್ಲಿ ಇರುವ ಹಾಗೆ ಕಡು ಬೂದು ಟೈಲ್ಸ್, ಕಪ್ಪು ನಲ್ಲಿ ಬೇಕಂತೆ. ನನಗೆ ಪೂರ್ತಿ ಬಿಳಿ ಇಷ್ಟ. ಅತ್ತೆಗೆ 76 ವರ್ಷ, ಒಂದು ಕಣ್ಣಿಗೆ ಪೊರೆ ಬಂದಿದೆ, ಅವರು ಜಾರದಿದ್ದರೆ ಸಾಕು ಅನ್ನುತ್ತಾರೆ. ಬಾವಿ ನೀರು, ಬೇಸಿಗೆಯಲ್ಲಿ ಬೋರ್‌ವೆಲ್. ಅಂಗಡಿಗೆ ಹೋದರೆ ಗ್ಲಾಸಿ, ಮ್ಯಾಟ್, ಕಾರ್ವಿಂಗ್ ಅಂತ ನೂರು ತೋರಿಸುತ್ತಾರೆ, ತಲೆ ತಿರುಗುತ್ತದೆ. ಯಾವುದು ಹಾಕುವುದು? ಮತ್ತೆ ನಮ್ಮ ಹಳೇ ತಾಮ್ರದ ಹಂಡೆಯನ್ನು ಎಂತ ಮಾಡುವುದು?

ಉತ್ತರ: ಅಕ್ಕ, ಅಂಗಡಿಗೆ ಇನ್ನೊಮ್ಮೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಎರಡು ಬಿಳಿ ಬಾಲ್ದಿ ತೆಗೆದುಕೊಳ್ಳಿ. ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಬೋರಿನ ನೀರು ತುಂಬಿಸಿ ಮುಚ್ಚದೆ ಎರಡು ದಿನ ಹಾಗೇ ಬಿಡಿ. ಆಮೇಲೆ ನೀರು ಮೆಲ್ಲನೆ ಚೆಲ್ಲಿ ತಳ ನೋಡಿ. ತಳದಲ್ಲಿ ಕೆಂಪು ಪುಡಿ ಕೂತಿದೆಯಾ, ಬದಿಯಲ್ಲಿ ಹಳದಿ ಗೆರೆ ಬಂದಿದೆಯಾ, ಮೇಲೆ ಎಣ್ಣೆಯ ಹಾಗೆ ಹೊಳೆಯುವ ಪೊರೆ ಇತ್ತಾ? ಇದ್ದರೆ ನಿಮ್ಮ ನೀರಿನಲ್ಲಿ ಕಬ್ಬಿಣ ಇದೆ. ನೀವು ಯಾವ ಟೈಲ್ಸ್ ಹಾಕಿದರೂ ಆ ಬಣ್ಣ ಅದರ ಮೇಲೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ನಮ್ಮ ಕಡೆ ಇದು ಹೊಸ ವಿಷಯ ಅಲ್ಲ. ಕರಾವಳಿಯ ಮಣ್ಣೇ ಕೆಂಪುಕಲ್ಲಿನದ್ದು, ಆ ಕೆಂಪು ಬಂದದ್ದೇ ಕಬ್ಬಿಣದಿಂದ. ನೆಲದ ಆಳದಲ್ಲಿ ಗಾಳಿ ತಾಗದೆ ಇರುವಾಗ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನಲ್ಲಿಯಿಂದ ಹೊರಗೆ ಬಂದು ಗಾಳಿ ತಾಗಿದ ಮೇಲೆ ತುಕ್ಕಾಗಿ ಕೂರುತ್ತದೆ. ಒಂದು ಲೀಟರಿನಲ್ಲಿ 0.3 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಇದ್ದರೂ ಸಾಕು, ಬಟ್ಟೆಗೆ, ಟೈಲ್ಸಿಗೆ ಕಲೆ ಹಿಡಿಯುತ್ತದೆ. ಬಾವಿಯಲ್ಲಿ ನೀರಿಗೆ ಗಾಳಿ ತಾಗಿರುತ್ತದೆ, ಹಾಗಾಗಿ ಸಾಮಾನ್ಯವಾಗಿ ಅಷ್ಟು ತೊಂದರೆ ಇಲ್ಲ. ಬೋರಿನದ್ದೇ ಉಪದ್ರ. ಮಂಗಳೂರಿನಲ್ಲಿ ತುಂಬೆಯಿಂದ ಬರುವ ನೇತ್ರಾವತಿ ನೀರು, ಉಡುಪಿ ಪೇಟೆಯಲ್ಲಿ ಬಜೆಯಿಂದ ಬರುವ ಸ್ವರ್ಣಾ ನೀರು ಮಾತ್ರ ಬಳಸುವವರಿಗೆ ಈ ತಲೆಬಿಸಿ ಕಡಿಮೆ. ನಿಮ್ಮದು ಹಾಗಲ್ಲ. ಏಪ್ರಿಲ್, ಮೇಯಲ್ಲಿ ಎರಡು ತಿಂಗಳು ಬೋರಿನ ನೀರು ಬಿದ್ದರೂ ಸಾಕು, ಅದರ ಗುರುತು ಉಳಿಯುತ್ತದೆ.

ಇದನ್ನು ಕಲಿತದ್ದು ನನ್ನ ಸ್ವಂತ ಮನೆಯಲ್ಲಿ. ಹದಿನೈದು ವರ್ಷದ ಹಿಂದೆ, ಈ ಕೆಲಸಕ್ಕೆ ಹೊಸಬ ಆಗಿದ್ದಾಗ, ನನ್ನ ಬಾತ್‌ರೂಮಿಗೆ ಹಾಲಿನಂಥ ಬಿಳಿ ಗ್ಲಾಸಿ ಟೈಲ್ಸ್ ಹಾಕಿಸಿದೆ, ಸಂದಿಗೂ ಬಿಳಿ ಸಿಮೆಂಟಿನ ಗ್ರೌಟ್. ದೀಪಾವಳಿಗೆ ಕೆಲಸ ಮುಗಿಯಿತು. ಬಂದವರೆಲ್ಲ ಬಾಗಿಲು ತೆಗೆದು ನೋಡಿ ಹೊಗಳಿದರು. ಮುಂದಿನ ಆಟಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು, ಬರುವಾಗ ಟೈಲ್ಸ್ ಬಿಳಿಯೇ ಇತ್ತು, ಸಂದಿ ಮಾತ್ರ ಚಾ ಬಣ್ಣ, ಮೂಲೆಯಲ್ಲಿ ಕಪ್ಪು. ಆಸಿಡ್ ಹಾಕಿ ಉಜ್ಜಿದೆವು. ಸಂದಿ ಬಿಳಿ ಆಯಿತು, ನಿಜ, ಆದರೆ ಗ್ರೌಟ್ ಕರಗಿ ಹಳ್ಳ ಬಿತ್ತು, ನಲ್ಲಿಯ ಹೊಳಪು ಹೋಯಿತು. ಆಮೇಲೆ ಆ ಹಳ್ಳದಲ್ಲಿ ಕೊಳೆ ಇನ್ನೂ ಚೆನ್ನಾಗಿ ಕೂತಿತು. ತಪ್ಪು ಅಂಗಡಿಯದ್ದಲ್ಲ, ಮೇಸ್ತ್ರಿಯದ್ದೂ ಅಲ್ಲ, ನನ್ನದೇ.

ಹಾಗಾಗಿ ನಿಮ್ಮ ಬಿಳಿಗೂ ಬೇಡ ಅನ್ನುತ್ತೇನೆ, ಮಗನ ಕಡು ಬೂದಿಗೂ ಬೇಡ ಅನ್ನುತ್ತೇನೆ. ಬೇಜಾರು ಮಾಡಬೇಡಿ, ಮಗನಿಗೆ ಒಂದು ದಾರಿ ಇದೆ, ಮುಂದೆ ಹೇಳುತ್ತೇನೆ.

ಬಿಳಿ ಯಾಕೆ ಬೇಡ ಅಂತ ಗೊತ್ತಾಯಿತು. ಕಡು ಬಣ್ಣ ಯಾಕೆ ಬೇಡ? ಕಪ್ಪು, ಕಡು ಬೂದು ಕೊಳೆಯನ್ನು ಮುಚ್ಚುತ್ತದೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಅಡುಗೆ ಮನೆಯಲ್ಲಿ ಅದು ಸರಿ ಇರಬಹುದು. ಬಚ್ಚಲಲ್ಲಿ ಬೀಳುವ ಕೊಳೆ ಕಪ್ಪಲ್ಲ ಅಲ್ವಾ, ಬಿಳಿ. ಸೋಪಿನ ನೊರೆ ಒಣಗಿದ್ದು, ನೀರಿನ ಹನಿ ಒಣಗಿದ ಉಪ್ಪು, ಪೌಡರ್, ಟೂತ್‌ಪೇಸ್ಟ್, ಎಲ್ಲ ಬಿಳಿಯೇ. ಕಡು ಬೂದು ಮ್ಯಾಟ್ ಟೈಲ್ಸ್ ಮೇಲೆ ಅದು ಬೂದಿ ಚೆಲ್ಲಿದ ಹಾಗೆ ಕಾಣುತ್ತದೆ. ಹೋಟೆಲಿನಲ್ಲಿ ಚೆನ್ನಾಗಿ ಕಾಣಲು ಕಾರಣ ಅಲ್ಲಿ ದಿನಾ ಒಬ್ಬರು ಬಂದು ಬಟ್ಟೆಯಲ್ಲಿ ಒರೆಸುತ್ತಾರೆ. ನಿಮ್ಮಲ್ಲಿ ಯಾರು ಒರೆಸುವುದು? ಮಗನಾ? ಅವನು ಹೌದು ಅಂದರೆ ಬರೆದು ಸಹಿ ಹಾಕಿಸಿಕೊಳ್ಳಿ.

ನಮ್ಮ ನೀರಿಗೆ, ನಮ್ಮ ಮಳೆಗೆ ಹೊಂದುವುದು ನಡುವಿನ ಬಣ್ಣಗಳು. ಅದೂ ಸ್ವಲ್ಪ ಹಳದಿ ಅಥವಾ ಕಂದು ಕಡೆಗೆ ವಾಲಿದ ಬಣ್ಣ. ಅಂಗಡಿಯವರು ಐವರಿ, ಬೇಜ್, ಸ್ಯಾಂಡ್, ಟೌಪ್ ಅಂತೆಲ್ಲ ಹೇಳುತ್ತಾರೆ. ನಾನು ಅದಕ್ಕೆ ಮನೆಯ ಹೆಸರು ಇಟ್ಟುಕೊಂಡಿದ್ದೇನೆ. ಗೋಡೆಗೆ ಅಕ್ಕಚ್ಚಿನ ಬಣ್ಣ, ಅಂದರೆ ಅಕ್ಕಿ ತೊಳೆದ ನೀರಿನದ್ದು. ಬಿಳಿಯ ಹಾಗೆ ಬೆಳಕು ಕೊಡುತ್ತದೆ, ಆದರೆ ಬಿಳಿ ಅಲ್ಲ. ನೆಲಕ್ಕೆ ಕುಚ್ಚಲಕ್ಕಿಯ ಬಣ್ಣ. ಒಂದು ಹಿಡಿ ಕುಚ್ಚಲಕ್ಕಿ ಅಂಗೈಯಲ್ಲಿ ಹಿಡಿದು ನೋಡಿ, ಅದು ಒಂದೇ ಬಣ್ಣ ಅಲ್ಲ. ಕೆಲವು ಕಾಳು ಕೆಂಪು, ಕೆಲವು ಮಾಸಲು, ಅಲ್ಲಲ್ಲಿ ಗೆರೆ. ನೆಲದ ಟೈಲ್ಸ್ ಹಾಗಿರಬೇಕು. ಒಂದೇ ಬಣ್ಣದ ಸಪಾಟಾದ ಟೈಲ್ಸ್ ಮೇಲೆ ಒಂದು ಕೂದಲು ಬಿದ್ದರೂ ಕಾಣುತ್ತದೆ. ಚುಕ್ಕಿ, ಮೋಡ, ಸಣ್ಣ ಗೆರೆ ಇರುವ ಟೈಲ್ಸ್ ಮೇಲೆ ತುಕ್ಕಿನ ಕಲೆಯೂ ವಿನ್ಯಾಸದ ಜೊತೆ ಸೇರಿಹೋಗುತ್ತದೆ. ಕೊಳೆ ಅಡಗಿಸುವುದು ತಪ್ಪಲ್ಲ ಮಾರಾಯ್ರೆ, ವಾರಕ್ಕೆ ಒಮ್ಮೆ ತೊಳೆಯುವ ಮನೆಗೆ ದಿನಾ ತೊಳೆಯುವ ಬಣ್ಣ ಯಾಕೆ?

ಹಸಿರು, ನೀಲಿ ಬೇಡವಾ ಅಂತ ಕೇಳಬಹುದು. ಗೋಡೆಗೆ ತಿಳಿ ಹಸಿರು ಆಗುತ್ತದೆ, ತೆಂಗಿನ ತೋಟದ ಕಡೆಗೆ ಕಿಟಕಿ ಇದ್ದರೆ ಚೆನ್ನಾಗಿಯೇ ಇರುತ್ತದೆ. ನೀಲಿಯ ಮೇಲೆ ತುಕ್ಕಿನ ಕೆಂಪು ಎದ್ದು ಕಾಣುತ್ತದೆ. ಮತ್ತೆ ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಮಂಕಾಗಿ ಕಾಣುತ್ತದೆ, ನೀಲಿ ಯಾವುದು ಹಸಿರು ಯಾವುದು ಅಂತಲೇ ಗೊತ್ತಾಗುವುದಿಲ್ಲ. ಅತ್ತೆಯವರು ಇರುವ ಮನೆಯಲ್ಲಿ ನೀಲಿಯ ಮೇಲೆ ದುಡ್ಡು ಹಾಕಬೇಡಿ.

ಅತ್ತೆಯ ವಿಷಯಕ್ಕೇ ಬರುತ್ತೇನೆ, ಯಾಕೆಂದರೆ ಈ ಇಡೀ ಪ್ರಶ್ನೆಯಲ್ಲಿ ಅವರ ಮಾತೇ ಸರಿಯಾದ ಮಾತು. ಪೊರೆ ಬಂದ ಕಣ್ಣಿಗೆ ದೊಡ್ಡ ಕಷ್ಟ ಬಣ್ಣದ್ದಲ್ಲ, ಅಂಚಿನದ್ದು. ಬಿಳಿ ಗೋಡೆ, ಬಿಳಿ ನೆಲ, ಅದರ ಮುಂದೆ ಬಿಳಿ ಕಮೋಡ್. ಕಮೋಡ್ ಎಲ್ಲಿ ಶುರುವಾಗುತ್ತದೆ, ನೆಲ ಎಲ್ಲಿ ಮುಗಿಯುತ್ತದೆ ಅಂತ ಅವರಿಗೆ ಕಾಣುವುದಿಲ್ಲ. ಕೂರುವಾಗ ಕೈಯಿಂದ ತಡಕಾಡುತ್ತಾರೆ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಹೋದಾಗ ಬೀಳುವುದು ಹೀಗೇ. ಇದಕ್ಕೆ ಪರಿಹಾರ ಸುಲಭ. ಕಮೋಡಿನ ಹಿಂದಿನ ಗೋಡೆ ಕಡು ಬಣ್ಣ ಇರಲಿ. ಆ ಕಡು ಬಣ್ಣದ ಎದುರು ಬಿಳಿ ಕಮೋಡ್ ಎದ್ದು ಕಾಣುತ್ತದೆ.

ಈಗ ಮಗನ ದಾರಿ ಗೊತ್ತಾಯಿತಲ್ಲ? ಆ ಒಂದು ಗೋಡೆ ಅವನಿಗೆ ಕೊಡಿ. ನೀವು ನಕ್ಷೆ ಕಳಿಸಿಲ್ಲ, ಕಮೋಡ್ ಬಾಗಿಲಿನ ಎದುರಿನ 5 ಅಡಿ ಗೋಡೆಗೆ ತಾಗಿ ಇದೆ ಅಂತ ಅಂದುಕೊಳ್ಳುತ್ತೇನೆ. ಆ ಗೋಡೆಗೆ ಸ್ನಾನದ ನೀರು ಹೆಚ್ಚು ಹಾರುವುದಿಲ್ಲ, ಸೋಪಿನ ಕಲೆ ಬೀಳುವುದಿಲ್ಲ, ಅಲ್ಲಿ ಕಡು ಬೂದು ಹಾಕಿದರೆ ವಾರಗಟ್ಟಲೆ ಹಾಗೇ ಇರುತ್ತದೆ. ಬಾಗಿಲು ತೆಗೆದ ಕೂಡಲೇ ಕಾಣುವುದೂ ಅದೇ ಗೋಡೆ, ಹಾಗಾಗಿ ಅವನ ಹೋಟೆಲ್ ಆಸೆಯೂ ತೀರಿತು. ನನ್ನನ್ನು ಕೇಳಿದರೆ ಆ ಗೋಡೆಗೆ ಬೂದಿಗಿಂತ ಕಾವಿ ಬಣ್ಣ ಇನ್ನೂ ಚಂದ. ನಮ್ಮ ಹಳೇ ಮನೆಗಳ ನೆಲದಲ್ಲಿ ಇರುತ್ತಿತ್ತಲ್ಲ, ತೆಂಗಿನೆಣ್ಣೆ ಹಚ್ಚಿ ಉಜ್ಜಿ ಹೊಳೆಯುತ್ತಿದ್ದ ಕೆಂಪು, ಅದು. ಅಕ್ಕಚ್ಚಿನ ಬಣ್ಣದ ಪಕ್ಕ ಕಾವಿ ನಿಂತರೆ ಮನೆಯ ಬಚ್ಚಲು ಮನೆಯದ್ದೇ ಅನಿಸುತ್ತದೆ. ಆದರೆ ಇದು ನನ್ನ ರುಚಿ. ಮಗನ ಜೊತೆ ಜಗಳ ಮಾಡಿಸುವಷ್ಟು ದೊಡ್ಡ ವಿಷಯ ಅಲ್ಲ.

ಇನ್ನು ಫಿನಿಶ್. ಇಲ್ಲಿ ಅಂಗಡಿಯಲ್ಲಿ ತುಂಬ ಗೊಂದಲ ಮಾಡುತ್ತಾರೆ. ಗ್ಲಾಸಿ ಅಂದರೆ ಕನ್ನಡಿಯ ಹಾಗೆ ಹೊಳೆಯುವುದು. ಮ್ಯಾಟ್ ಅಂದರೆ ಹೊಳಪಿಲ್ಲದ್ದು. ಸ್ಯಾಟಿನ್ ನಡುವಿನದ್ದು, ರೇಷ್ಮೆಯ ಹಾಗೆ. ಕಾರ್ವಿಂಗ್ ಅಂದರೆ ಮೈಮೇಲೆ ಗೀರಿದ ಹಾಗೆ ಸಣ್ಣ ತಗ್ಗು ಇರುವುದು. ಶುಗರ್ ಫಿನಿಶ್ ಅಂತ ಇನ್ನೊಂದು, ಸಕ್ಕರೆ ಚೆಲ್ಲಿದ ಹಾಗೆ ಮಿನುಗುತ್ತದೆ. ಗೋಡೆಗೆ ಸ್ಯಾಟಿನ್ ಅಥವಾ ಸಾದಾ ಗ್ಲಾಸಿ ಸಾಕು. ನಯ ಇದ್ದಷ್ಟೂ ಒರೆಸುವುದು ಸುಲಭ. ಕಾರ್ವಿಂಗ್ ಟೈಲ್ಸನ್ನು ಸ್ನಾನ ಮಾಡುವ ಗೋಡೆಗೆ ಹಾಕಲೇಬೇಡಿ. ಆ ಗೀರುಗಳಲ್ಲಿ ಸೋಪು ಕೂತು, ಮಳೆಗಾಲದಲ್ಲಿ ಅದರ ಮೇಲೆ ಬೂಸ್ಟು ಬಂದು, ನೀವು ಹಳೇ ಟೂತ್‌ಬ್ರಶ್ ಹಿಡಿದು ಕೂರಬೇಕಾಗುತ್ತದೆ.

ನೆಲಕ್ಕೆ ಮ್ಯಾಟ್ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ, ಆದರೆ ಮ್ಯಾಟ್ ಅಂದ ಕೂಡಲೇ ಜಾರುವುದಿಲ್ಲ ಅಂತ ಅಲ್ಲ. ಹೊಳಪು ಬೇರೆ, ಹಿಡಿತ ಬೇರೆ. ಮ್ಯಾಟ್ ಆಗಿದ್ದೂ ಒದ್ದೆಯಾದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಜಾರುವ ಟೈಲ್ಸ್ ಇದೆ. ಹಿಡಿತಕ್ಕೆ ಒಂದು ಅಳತೆ ಇದೆ, ಆರ್9 ರಿಂದ ಆರ್13 ರವರೆಗೆ. ಇಳಿಜಾರಾದ ಹಲಗೆಗೆ ಟೈಲ್ಸ್ ಹಾಕಿ, ಎಣ್ಣೆ ಸುರಿದು, ಬೂಟು ಹಾಕಿದ ಮನುಷ್ಯನನ್ನು ನಡೆಸಿ, ಎಷ್ಟು ಡಿಗ್ರಿಯಲ್ಲಿ ಜಾರುತ್ತಾನೆ ಅಂತ ನೋಡುವ ಜರ್ಮನಿಯ ಪರೀಕ್ಷೆ ಅದು. ಆರ್9 ಅಂದರೆ 6 ರಿಂದ 10 ಡಿಗ್ರಿ, ಆರ್10 ಅಂದರೆ 10 ರಿಂದ 19, ಆರ್11 ಅಂದರೆ 19 ರಿಂದ 27. ಬಚ್ಚಲಿಗೆ ಕಡಿಮೆ ಅಂದರೂ ಆರ್10 ಕೇಳಿ, ಹಿರಿಯರು ಇದ್ದರೆ ಆರ್11. ಬರಿಗಾಲಿಗೆ ಬೇರೆಯೇ ಪರೀಕ್ಷೆ ಇದೆ, ಎ, ಬಿ, ಸಿ ಅಂತ ದರ್ಜೆ ಕೊಡುತ್ತಾರೆ, ಬಚ್ಚಲಿಗೆ ನಿಜವಾಗಿ ನೋಡಬೇಕಾದ್ದು ಅದು. ಡಬ್ಬಿಯ ಮೇಲೆ ಇದ್ದರೆ ಬಿ ಅಥವಾ ಸಿ ತೆಗೆದುಕೊಳ್ಳಿ. ಇಲ್ಲದಿದ್ದರೆ ನನ್ನ ಪರೀಕ್ಷೆ ಮಾಡಿ. ಅಂಗಡಿಯಲ್ಲಿ ಟೈಲ್ಸನ್ನು ನೆಲಕ್ಕೆ ಇಡಿಸಿ, ಅರ್ಧ ಲೋಟ ನೀರು ಸುರಿದು, ಎರಡು ಹನಿ ತೆಂಗಿನೆಣ್ಣೆ ಬಿಟ್ಟು, ಚಪ್ಪಲಿ ಕಳಚಿ ಹಿಮ್ಮಡಿಯಿಂದ ಮೆಲ್ಲನೆ ಉಜ್ಜಿ ನೋಡಿ, ಪಕ್ಕದಲ್ಲಿ ಯಾರನ್ನಾದರೂ ಹಿಡಿದುಕೊಂಡು. ಸೇಲ್ಸಿನ ಹುಡುಗ ನಗುತ್ತಾನೆ, ನಗಲಿ. ಎಣ್ಣೆ ಹಚ್ಚಿ ಮೀಯುವವರು ನಾವು, ಜರ್ಮನಿಯವರಲ್ಲ.

ತೀರಾ ಒರಟಾದದ್ದೂ ಬೇಡ. ಆರ್12 ಮೇಲೆಲ್ಲ ಹೋದರೆ ಅಂಗಳಕ್ಕೆ ಸರಿ, ಬಚ್ಚಲಲ್ಲಿ ಕೊಳೆ ಹಿಡಿದರೆ ಹಿಡಿಸೂಡಿಗೆ ಬಗ್ಗುವುದಿಲ್ಲ, ಗಟ್ಟಿ ಬ್ರಶ್ಶೇ ಬೇಕು. ಮುಟ್ಟಿದರೆ ಸಣ್ಣ ಮರಳು ಅಂಟಿದ ಹಾಗೆ ಅನಿಸಬೇಕು, ಅಷ್ಟೇ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ನೆಲಕ್ಕೆ 1×1 ಅಡಿಯ ಟೈಲ್ಸೇ ತೆಗೆದುಕೊಳ್ಳಿ. ಈಗ 2×2, 2×4 ಅಡಿಯ ದೊಡ್ಡ ಟೈಲ್ಸ್ ಫ್ಯಾಶನ್, ಸಂದಿ ಕಡಿಮೆ ಅಂತ ಮಾರುತ್ತಾರೆ. ಆದರೆ ಬಚ್ಚಲಿನ ನೆಲಕ್ಕೆ ಇಳಿಜಾರು ಬೇಕು. ಎಂಟು ಅಡಿ ಉದ್ದಕ್ಕೆ ಒಂದರಿಂದ ಒಂದೂವರೆ ಇಂಚು ಇಳಿಯಬೇಕು, ನಾಲ್ಕೂ ಕಡೆಯಿಂದ ನಹಾನಿ ಟ್ರ್ಯಾಪಿಗೆ, ಅಂದರೆ ನೆಲದಲ್ಲಿ ನೀರು ಹೋಗುವ ಜಾಲರಿ ಬಾಯಿಗೆ, ನೀರು ಬರಬೇಕು. ದೊಡ್ಡ ಟೈಲ್ಸ್ ಬಗ್ಗುವುದಿಲ್ಲ, ಒಂದೋ ಕತ್ತರಿಸಬೇಕು, ಇಲ್ಲ ನೀರು ನಿಲ್ಲುತ್ತದೆ. ಸಣ್ಣ ಟೈಲ್ಸ್ ಇಳಿಜಾರಿಗೆ ತಾನೇ ಹೊಂದಿಕೊಳ್ಳುತ್ತದೆ. ಸಂದಿ ಜಾಸ್ತಿ ಇದ್ದಷ್ಟೂ ಕಾಲಿಗೆ ಹಿಡಿತವೂ ಜಾಸ್ತಿ. ಸೆರಾಮಿಕ್ ಬೇಡ, ವಿಟ್ರಿಫೈಡ್ ಕೇಳಿ. ಅದು ನೀರು ಹೀರುವುದು ತೂಕದ ಅರ್ಧ ಶೇಕಡಾಕ್ಕಿಂತ ಕಡಿಮೆ, ಹಾಗಾಗಿ ಕಲೆ ಒಳಗೆ ಇಳಿಯುವುದಿಲ್ಲ. ಗೋಡೆಗೆ ಸಾದಾ ಸೆರಾಮಿಕ್ ಸಾಕು, ಅದು ಹಗುರ, ಹಿಂಬದಿ ನೀರು ಹೀರುವುದರಿಂದ ಗೋಡೆಗೆ ಚೆನ್ನಾಗಿ ಕಚ್ಚುತ್ತದೆ. 1×2 ಅಡಿಯದ್ದನ್ನು ಅಡ್ಡ ಹಾಕಿಸಿ, 5 ಅಡಿ ಅಗಲದ ಕೋಣೆ ಸ್ವಲ್ಪ ಅಗಲ ಕಾಣುತ್ತದೆ.

ಕೆಲವರು ಅಮೃತಶಿಲೆಯ ಕನಸು ಕಾಣುತ್ತಾರೆ. ಬಚ್ಚಲಿಗೆ ಬೇಡ. ಅದು ಸುಣ್ಣದ ಜಾತಿ, ಟಾಯ್ಲೆಟ್ ತೊಳೆಯುವ ಆಸಿಡ್ ಒಂದು ಹನಿ ಬಿದ್ದರೂ ಹೊಳಪು ಹೋಗಿ ಗುರುತು ಬೀಳುತ್ತದೆ. ಕಲ್ಲೇ ಬೇಕು ಅಂದರೆ ಗ್ರಾನೈಟನ್ನು ಪಾಲಿಶ್ ಮಾಡಿಸದೆ, ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದ್ದು ಹಾಕಬಹುದು. ಅಜ್ಜಿಯ ಕಾಲದ ಬಚ್ಚಲಲ್ಲಿ ಉಳಿಯಿಂದ ಕೆತ್ತಿದ ಕಲ್ಲು ಹಾಸುತ್ತಿದ್ದರಲ್ಲ, ಅದರಲ್ಲಿ ಯಾರಾದರೂ ಜಾರಿ ಬಿದ್ದದ್ದು ನನಗಂತೂ ನೆನಪಿಲ್ಲ.

ಗ್ರೌಟಿನ ಬಗ್ಗೆ ನನ್ನ ಕಥೆ ಆಗಲೇ ಹೇಳಿದೆ. ಅದರ ಬಣ್ಣ ಟೈಲ್ಸಿಗಿಂತ ಒಂದು ಪಟ್ಟು ಕಡು ಇರಲಿ. ನೆಲಕ್ಕೆ ಹಸಿ ಮಣ್ಣಿನ ಬಣ್ಣ, ಗೋಡೆಗೆ ಒದ್ದೆ ಮರಳಿನ ಬಣ್ಣ. ಬಿಳಿ ಗ್ರೌಟ್ ಡಬ್ಬಿಯನ್ನು ಮೇಸ್ತ್ರಿ ತಂದರೆ ವಾಪಸ್ ಕಳಿಸಿ. ಸಿಮೆಂಟ್ ಗ್ರೌಟ್ ನೀರು ಹೀರುತ್ತದೆ, ಎಪಾಕ್ಸಿ ಅಂದರೆ ಅಂಟಿನಂಥ ರಾಳ ಕಲಸಿ ಮಾಡುವ ಗ್ರೌಟ್ ಹೀರುವುದಿಲ್ಲ. ಎಪಾಕ್ಸಿಗೆ ದುಡ್ಡು ಹಲವು ಪಟ್ಟು ಜಾಸ್ತಿ, ಆದರೆ 5×8 ಕೋಣೆಗೆ ಬೇಕಾಗುವುದು ಸ್ವಲ್ಪವೇ. ಇಡೀ ಕೆಲಸದಲ್ಲಿ ಒಂದೇ ಕಡೆ ಜಾಸ್ತಿ ಖರ್ಚು ಮಾಡುವುದಾದರೆ ಇಲ್ಲಿ ಮಾಡಿ. ನೆಲಕ್ಕೆ ಪೂರ್ತಿ, ಗೋಡೆಗೆ ಸ್ನಾನದ ಕಡೆ ಮಾತ್ರ ಹಾಕಿದರೂ ನಡೆಯುತ್ತದೆ. ಅದನ್ನು ಕಲಸಿದ ಮೇಲೆ ಬೇಗ ಬೇಗ ತುಂಬಿಸಿ, ಟೈಲ್ಸ್ ಮೇಲೆ ಉಳಿದದ್ದನ್ನು ಅಂದೇ ಒರೆಸಬೇಕು, ಗಟ್ಟಿಯಾದರೆ ಮತ್ತೆ ಬರುವುದಿಲ್ಲ. ಮೊದಲು ಎಪಾಕ್ಸಿ ಹಾಕಿ ಗೊತ್ತಿರುವ ಕೆಲಸದವರನ್ನೇ ಹುಡುಕಿ. ಸಂದಿ 2 ರಿಂದ 3 ಮಿಲಿಮೀಟರ್ ಬಿಡಲಿ, ನಡುವೆ ಪ್ಲಾಸ್ಟಿಕ್ ಸ್ಪೇಸರ್ ಇಟ್ಟೇ ಹಾಕಲಿ. ಸಂದಿ ಇಲ್ಲದೆ ಒತ್ತಿ ಕೂರಿಸುವುದು ಹಳೇ ಚಾಳಿ.

ತುಕ್ಕಿನ ಕಲೆ ಹೇಗೂ ಬರುತ್ತದೆ, ಬಂದಾಗ ಬ್ಲೀಚಿಂಗ್ ಪೌಡರ್ ಹಾಕಬೇಡಿ. ಬ್ಲೀಚಿಗೆ ಕಬ್ಬಿಣದ ಕಲೆ ಹೋಗುವುದಿಲ್ಲ, ಇನ್ನೂ ಗಟ್ಟಿ ಕೂರುತ್ತದೆ. ಹಿತ್ತಿಲಲ್ಲಿ ಬಿಂಬುಳಿ ಮರ ಇದೆಯಾ? ಎರಡು ಕಾಯಿ ಜಜ್ಜಿ ಕಲೆಯ ಮೇಲೆ ಹತ್ತು ನಿಮಿಷ ಇಟ್ಟು ತೊಳೆಯಿರಿ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಬಿಡಿಸುತ್ತದೆ, ಅಂಗಡಿಯಲ್ಲಿ ಸಿಗುವ ತುಕ್ಕು ತೆಗೆಯುವ ಪುಡಿಯಲ್ಲೂ ಹೆಚ್ಚಾಗಿ ಇರುವುದು ಅದೇ. ಆದರೆ ಸಿಮೆಂಟ್ ಗ್ರೌಟಿನ ಮೇಲೆ, ನಲ್ಲಿಯ ಮೇಲೆ ಜಾಸ್ತಿ ಹೊತ್ತು ಬಿಡಬೇಡಿ. ಮತ್ತೆ ಒಂದು ಮಾತು ಮನೆಯಲ್ಲಿ ಎಲ್ಲರಿಗೂ ಹೇಳಿಡಿ: ಬ್ಲೀಚೂ ಆಸಿಡೂ ಒಟ್ಟಿಗೆ ಹಾಕಲೇಬಾರದು, ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ನಲ್ಲಿ, ಶವರ್ ಇತ್ಯಾದಿಗೆ ನನ್ನ ಆಯ್ಕೆ ಹಳೇ ಕ್ರೋಮೇ. ಬೇಜಾರು ತರಿಸುವ ಉತ್ತರ ಅಂತ ಗೊತ್ತು. ಹಿತ್ತಾಳೆಯ ಮೇಲೆ ನಿಕಲ್, ಅದರ ಮೇಲೆ ಕ್ರೋಮ್ ಲೇಪ ಇರುವುದು. ನೀರಿನ ಕಲೆ ಬಿದ್ದರೂ ಒಮ್ಮೆ ಬಟ್ಟೆ ಆಡಿಸಿದರೆ ಹೋಗುತ್ತದೆ. ಕಪ್ಪು ನಲ್ಲಿಯ ಮೇಲೆ ಪ್ರತಿ ಹನಿಯೂ ಬಿಳಿ ಚುಕ್ಕಿಯಾಗಿ ನಿಲ್ಲುತ್ತದೆ. ಅಗ್ಗದ ಕಪ್ಪು ಅಂದರೆ ಬರೀ ಪೇಂಟಿನ ಹಾಗೆ ಮೇಲೆ ಹಚ್ಚಿದ ಲೇಪ, ಕೈ ತಾಗುವ ಕಡೆ ಎದ್ದು ಬರುತ್ತದೆ, ಕೆಳಗಿನ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ನಮ್ಮ ಕೆಂಪುಕಲ್ಲಿನ ಬಾವಿ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲದ ಗುಣದ್ದು, ಹಾಗಾಗಿ ಕಿಲುಬು ಬೇಗ. ಕಪ್ಪೋ ಚಿನ್ನದ ಬಣ್ಣವೋ ಬೇಕೇ ಬೇಕು ಅಂದರೆ ಪಿವಿಡಿ ಲೇಪ ಇರುವುದನ್ನು ಕೇಳಿ ತೆಗೆದುಕೊಳ್ಳಿ, ಅದು ಗಾಳಿ ಇಲ್ಲದ ಪೆಟ್ಟಿಗೆಯಲ್ಲಿ ಲೋಹದ ಆವಿ ಕೂರಿಸಿ ಮಾಡಿದ್ದು, ತುಂಬ ಗಟ್ಟಿ. ಮಗನಿಗೆ ಕನ್ನಡಿಯ ಚೌಕಟ್ಟು ಕಪ್ಪು ಮಾಡಿಕೊಡಿ, ಅಲ್ಲಿಗೆ ನೀರು ಹಾರುವುದಿಲ್ಲ. ನಲ್ಲಿಯನ್ನು ಕೈಯಲ್ಲಿ ಹಿಡಿದು ತೂಕ ನೋಡಿ, ಹಗುರ ಇದ್ದರೆ ಬಿಡಿ.

ಬೈರಾಸು ಹಾಕುವ ರಾಡ್, ಸೋಪಿನ ಸ್ಟ್ಯಾಂಡ್, ಅತ್ತೆಗೆ ಹಿಡಿದುಕೊಳ್ಳುವ ಹಿಡಿಕೆ ಇವೆಲ್ಲ ಸ್ಟೀಲಿನವು. 304 ಗ್ರೇಡ್ ಕೇಳಿ. 202 ಅಂತ ಅಗ್ಗದ್ದು ಬರುತ್ತದೆ, ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಅಂಗಡಿಯವರು ಅಯಸ್ಕಾಂತ ಇಟ್ಟು, ನೋಡಿ ಅಂಟುವುದಿಲ್ಲ, ಇದು 304 ಅಂತ ತೋರಿಸುತ್ತಾರೆ. 202 ಕೂಡ ಅಂಟುವುದಿಲ್ಲ! ಗ್ರೇಡ್ ಅಚ್ಚು ಹಾಕಿದ್ದು ಇರಬೇಕು, ಅಥವಾ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮಲ್ಪೆ, ಉಳ್ಳಾಲದ ಹಾಗೆ ಸಮುದ್ರದ ಬದಿಯಲ್ಲೇ ಮನೆ ಇದ್ದರೆ 316 ಇನ್ನೂ ಒಳ್ಳೆಯದು. ಎಲ್ಲರೂ ಮರೆಯುವುದು ಸ್ಕ್ರೂ. ರಾಡ್ ಒಳ್ಳೆಯದು ತಂದು, ಕೆಲಸದವರು ಚೀಲದಲ್ಲಿದ್ದ ಕಬ್ಬಿಣದ ಸ್ಕ್ರೂ ಹಾಕಿ ಹೋಗುತ್ತಾರೆ. ಒಂದೇ ಮಳೆಗಾಲ, ಗೋಡೆಯ ಮೇಲೆ ಕೆಂಪು ಕಣ್ಣೀರು ಇಳಿದಿರುತ್ತದೆ. ಹಿಡಿಕೆಯ ಬಣ್ಣವೂ ಗೋಡೆಗಿಂತ ಬೇರೆ ಇರಲಿ, ಅತ್ತೆಗೆ ಕಾಣಬೇಕಲ್ಲ. ಟೈಲ್ಸ್ ಹಾಕುವ ಮೊದಲೇ ಹಿಡಿಕೆ ಎಲ್ಲಿ ಅಂತ ಗುರುತು ಮಾಡಿಸಿ. ಕೆಂಪುಕಲ್ಲಿನ ಗೋಡೆಯಲ್ಲಿ ಸಾರಣೆಗೆ ಮಾತ್ರ ಸ್ಕ್ರೂ ಕಚ್ಚಿದರೆ ಮನುಷ್ಯನ ಭಾರ ತಡೆಯುವುದಿಲ್ಲ, ಆ ಜಾಗದಲ್ಲಿ ಕಾಂಕ್ರೀಟ್ ತುಂಬಿಸಿಕೊಳ್ಳಬೇಕು.

ಬೆಳಕು ನೋಡದೆ ಬಣ್ಣ ಆರಿಸಬೇಡಿ. ಅಂಗಡಿಯಲ್ಲಿ ತಲೆಯ ಮೇಲೆ ಹತ್ತು ಬಿಳಿ ಬಲ್ಬು ಉರಿಯುತ್ತಿರುತ್ತದೆ, ನಿಮ್ಮ ಬಚ್ಚಲಲ್ಲಿ ಒಂದು ವೆಂಟಿಲೇಟರ್, ಅದರ ಹೊರಗೆ ಬಾಳೆ ಗಿಡ. ಅಲ್ಲಿ ಕೆನೆ ಬಣ್ಣ ಕಂಡದ್ದು ಇಲ್ಲಿ ಹಸಿರು ಕಾಣಬಹುದು. ಎರಡು ಮೂರು ಸ್ಯಾಂಪಲ್ ಮನೆಗೆ ತನ್ನಿ, ಅಂಗಡಿಯವರು ಸಾಮಾನ್ಯವಾಗಿ ಕೊಡುತ್ತಾರೆ. ಗೋಡೆಯದ್ದನ್ನು ಗೋಡೆಗೆ ಒರಗಿಸಿ, ನೆಲದ್ದನ್ನು ನೆಲಕ್ಕೆ ಇಟ್ಟು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬಲ್ಬು ಹಾಕಿ ನೋಡಿ. ಒದ್ದೆ ಮಾಡಿಯೂ ನೋಡಿ. ಮ್ಯಾಟ್ ಟೈಲ್ಸ್ ನೀರು ಬಿದ್ದಾಗ ಕಡು ಕಾಣುತ್ತದೆ, ನಿಮ್ಮ ನೆಲ ದಿನದ ಅರ್ಧ ಹೊತ್ತು ಒದ್ದೆಯೇ ಇರುವುದಲ್ವಾ. ಬಲ್ಬಿನ ಡಬ್ಬಿಯ ಮೇಲೆ ಬೆಳಕಿನ ಬಣ್ಣವನ್ನು ಕೆ (ಕೆಲ್ವಿನ್) ಅಳತೆಯಲ್ಲಿ ಬರೆದಿರುತ್ತದೆ. 6500 ಕೆ ಅಂತ ಬರೆದದ್ದು ನೀಲಿ ಬಿಳಿ, ಅದರಡಿ ಅಕ್ಕಚ್ಚಿನ ಬಣ್ಣ ಆಸ್ಪತ್ರೆಯ ಗೋಡೆಯ ಹಾಗೆ ಕಾಣುತ್ತದೆ. 4000 ಕೆ ತೆಗೆದುಕೊಳ್ಳಿ. 3000 ಕೆ ಇನ್ನೂ ಬೆಚ್ಚಗಿನ ಹಳದಿ, ಆದರೆ ಅತ್ತೆಗೆ ಬೆಳಕು ಸಾಲದು ಅನಿಸಬಹುದು. ಅವರಿಗಾಗಿ ಬಾಗಿಲ ಬದಿ ಕೆಳಗೆ ಒಂದು ಸಣ್ಣ ರಾತ್ರಿ ದೀಪ ಹಾಕಿಸಿ, ನೀರು ಹಾರದ ಜಾಗದಲ್ಲಿ.

ಮೇಲಿನ ಸೀಲಿಂಗ್‌ಗೆ ಬಿಳಿ ಪೇಂಟೇ ಇರಲಿ, ಆದರೆ ಡಿಸ್ಟೆಂಪರ್ ಬೇಡ, ಬೂಸ್ಟು ತಡೆಯುವ ಅಕ್ರಿಲಿಕ್ ಎಮಲ್ಶನ್ ಹಾಕಿ. ಈಗ ಇರುವ ಕಪ್ಪು ಚುಕ್ಕಿಗಳ ಮೇಲೆಯೇ ಪೇಂಟ್ ಹೊಡೆದರೆ ಆರು ತಿಂಗಳಲ್ಲಿ ಅವು ಮತ್ತೆ ಹೊರಗೆ ಬರುತ್ತವೆ. ಮೊದಲು ತೊಳೆದು, ಪೂರ್ತಿ ಒಣಗಲು ಬಿಡಬೇಕು. ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಈಗಲೇ ಹಾಕಿಸಿ, ಮಿಂದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಓಡಲಿ. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಬಣ್ಣವೂ ತಾನಾಗಿ ಒಣಗುವುದಿಲ್ಲ. ಬಾಗಿಲಿಗೆ ಮರ ಬೇಡ, ಆಟಿಯಲ್ಲಿ ಉಬ್ಬಿ ದಾರಂದಕ್ಕೆ ಸಿಕ್ಕಿಕೊಳ್ಳುತ್ತದೆ. ಗ್ರಾನೈಟಿನ ದಾರಂದ, ಫೈಬರ್ ಬಾಗಿಲು, ತಿಳಿ ಮರದ ಬಣ್ಣ. ಇದರಲ್ಲಿ ಹೆಚ್ಚು ಯೋಚನೆ ಮಾಡುವುದಕ್ಕೆ ಏನೂ ಇಲ್ಲ.

ಲೆಕ್ಕ ಹೇಳುತ್ತೇನೆ, ಹೆಚ್ಚು ಕಡಿಮೆ ಇರಬಹುದು. ನಾಲ್ಕು ಗೋಡೆ ಸುತ್ತಳತೆ 26 ಅಡಿ, 7 ಅಡಿ ಎತ್ತರಕ್ಕೆ ಟೈಲ್ಸ್ ಅಂದರೆ 182 ಚದರ ಅಡಿ. ಬಾಗಿಲು, ವೆಂಟಿಲೇಟರ್ ಕಳೆದರೆ ಸುಮಾರು 160. ಅದರಲ್ಲಿ ಮಗನ ಗೋಡೆ 35, ಉಳಿದದ್ದು 125. 1×2 ಟೈಲ್ಸ್ ಒಂದು 2 ಚದರ ಅಡಿ, ಹಾಗಾಗಿ ತಿಳಿ ಬಣ್ಣದ್ದು 63, ಕಡು ಬಣ್ಣದ್ದು 18. ನೆಲಕ್ಕೆ 40. ಎಲ್ಲದಕ್ಕೂ ನೂರಕ್ಕೆ ಹತ್ತು ಜಾಸ್ತಿ ಸೇರಿಸಿ: 70, 20, 44. ಒಂದೇ ಸಲ ತನ್ನಿ. ಡಬ್ಬಿಯ ಮೇಲೆ ಶೇಡ್ ನಂಬರ್, ಬ್ಯಾಚ್ ನಂಬರ್ ಇರುತ್ತದೆ, ಎಲ್ಲ ಡಬ್ಬಿಯಲ್ಲೂ ಒಂದೇ ಇದೆಯಾ ಅಂತ ಲಾರಿಯಿಂದ ಇಳಿಸುವಾಗಲೇ ನೋಡಿ. ಆಮೇಲೆ ಆರು ಕಮ್ಮಿ ಬಿತ್ತು ಅಂತ ಹೋದರೆ ಅದೇ ಹೆಸರಿನ ಬೇರೆ ಬಣ್ಣ ಸಿಗುತ್ತದೆ. ಉಳಿದದ್ದನ್ನು ಅಟ್ಟಕ್ಕೆ ಹಾಕಿಡಿ, ಐದು ವರ್ಷದ ಮೇಲೆ ಪ್ಲಂಬರ್ ಗೋಡೆ ಒಡೆದಾಗ ಬೇಕಾಗುತ್ತದೆ.

ಕೆಲಸ ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಆಗ ಬಾವಿಯಲ್ಲಿ ನೀರೂ ಇರುತ್ತದೆ, ಬಿಸಿಲೂ ಇರುತ್ತದೆ. ಹಳೇ ಟೈಲ್ಸ್ ಒಡೆದ ಮೇಲೆ ವಾಟರ್‌ಪ್ರೂಫ್ ಹಚ್ಚಿಸಿ, ಪೈಪಿನ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ನೋಡದೆ ಒಂದು ಟೈಲ್ಸೂ ಹಾಕಲು ಬಿಡಬೇಡಿ. ಮೇಸ್ತ್ರಿಗೆ ಅವಸರ ಇರುತ್ತದೆ. ನಿಮಗೆ ಇರಬಾರದು.

ಹಂಡೆ. ಈಗ ಕೆಲವರು ತಾಮ್ರದ ಹಂಡೆಯನ್ನು ಒಳಗಿನ ಬಾತ್‌ರೂಮಿನಲ್ಲಿ ಶೋಗೆ ಇಡುತ್ತಾರೆ, ಗಿಡ ಹಾಕುತ್ತಾರೆ, ತಳ ಕೊರೆದು ಕೈ ತೊಳೆಯುವ ಬೇಸಿನ್ ಕೂಡ ಮಾಡುತ್ತಾರೆ. 5×8 ಕೋಣೆಯಲ್ಲಿ ಅದಕ್ಕೆ ಜಾಗ ಇಲ್ಲ, ಅತ್ತೆಯ ಕಾಲಿಗೆ ಸಿಗುತ್ತದೆ. ತೂತು ಮಾಡಿದರೆ ಅವರ ಮನಸ್ಸಿಗೂ ನೋವು. ಹಿತ್ತಿಲಲ್ಲಿ ಹಳೇ ಬಚ್ಚಲಿನ ಒಲೆ ಇನ್ನೂ ಇದ್ದರೆ ಹಂಡೆ ಅಲ್ಲೇ ಇರಲಿ, ಒಳಗೆ ಒಡೆದು ಕೆಲಸ ನಡೆಯುವ ಒಂದು ತಿಂಗಳು ಮನೆಯವರೆಲ್ಲ ಮೀಯಬೇಕಾದ್ದು ಹೇಗೂ ಅದರ ನೀರಲ್ಲೇ.